ಮೇ ಇಪ್ಪತ್ತೆರಡರ ಎರಡು ಸಹಿಗಳು

ಯೋಗಾನಂದರು ಕನಕಪುರದ ನಮ್ಮ ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದರು. ಅವರು ಯಾವ ಕಾಗದವನ್ನಾದರೂ ಮೊದಲ ನೋಟಕ್ಕೇ ನಂಬಿದ್ದನ್ನು ನಾನಂತೂ ಕಂಡಿಲ್ಲ. ಅಂಕಪಟ್ಟಿ ಕೊಟ್ಟರೆ ಕಿಟಕಿಯ ಬೆಳಕಿಗೆ ಹಿಡಿದು ನೋಡುವರು. ಡಾಕ್ಟರ ಸರ್ಟಿಫಿಕೇಟ್ ಕೊಟ್ಟರೆ ಅದರ ಮೇಲಿರುವ ನಂಬರಿಗೆ ಫೋನು ಮಾಡಿ, ಅಂಥ ಡಾಕ್ಟರು ಇದ್ದಾರೆಯೇ, ಆ ದಿನ ಡ್ಯೂಟಿಯಲ್ಲಿದ್ದರೇ ಎಂದು ವಿಚಾರಿಸುವರು. ಒಮ್ಮೆ ಪ್ರಿನ್ಸಿಪಾಲರೇ ಕಳಿಸಿದ ಟಿಪ್ಪಣಿಯನ್ನು ಹಿಡಿದುಕೊಂಡು ಅವರ ಕೋಣೆಗೆ ಹೋಗಿ, ಈ ಸಹಿ ತಮ್ಮದೇ ತಾನೆ ಎಂದು ಕೇಳಿ ಬಂದಿದ್ದರು. ಹುಡುಗರು ಅವರಿಗೆ ಸಿಬಿಐ ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು.

ನಾನು ಅದೇ ಕಾಲೇಜಿನಲ್ಲಿ ಬಿ.ಕಾಂ. ಹುಡುಗರಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಹೆಸರು ಪ್ರತಿಮಾ. ಯೋಗಾನಂದರ ಬಗ್ಗೆ ನನಗೆ ಮೊದಲಿನಿಂದ ದೊಡ್ಡ ಪ್ರೀತಿಯೇನೂ ಇರಲಿಲ್ಲ. ಅವರ ಮೇಜಿನ ಮುಂದೆ ನಿಂತರೆ ತಪ್ಪು ಮಾಡದವರಿಗೂ ತಪ್ಪು ಮಾಡಿದ ಹಾಗೆ ಅನಿಸುತ್ತಿತ್ತು. ಅವರ ಬಗ್ಗೆ ಬೇರೆ ಥರ ಯೋಚಿಸುವಂತಾದದ್ದು ರಾಧಾಮಣಿಯ ಎಂಟು ಕ್ರೆಡಿಟ್‌ಗಳಿಂದ.

ರಾಧಾಮಣಿ ಉಯ್ಯಂಬಳ್ಳಿ ಕಡೆಯ ಹುಡುಗಿ. ತಂದೆ ಮರಿಯಪ್ಪನವರಿಗೆ ರಾಗಿ ಹೊಲ, ಹಿಪ್ಪುನೇರಳೆ ತೋಟ ಇತ್ತು, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಇಬ್ಬರೇ ಹೆಣ್ಣುಮಕ್ಕಳು. ಎರಡನೆಯವಳು ರಮ್ಯಾ ಆಗ ಪಿಯುಸಿ ಓದುತ್ತಿದ್ದಳು. ರಾಧಾಮಣಿ ಎರಡನೇ ವರ್ಷದ ಬಿ.ಕಾಂ.ನಲ್ಲಿದ್ದಾಗ ಡೆಂಗ್ಯೂ ಬಂದು ಹೆಚ್ಚುಕಡಿಮೆ ಎರಡು ತಿಂಗಳು ಮಲಗಿದಳು. ಮೂರನೇ ಸೆಮಿಸ್ಟರಿನ ಎರಡು ವಿಷಯಗಳಲ್ಲಿ, ಸಂಖ್ಯಾಶಾಸ್ತ್ರ ಮತ್ತು ವೆಚ್ಚ ಲೆಕ್ಕಶಾಸ್ತ್ರದಲ್ಲಿ, ಹಾಜರಿ ಸಾಲದೆ ಪರೀಕ್ಷೆಗೆ ಕೂರಲಾಗಲಿಲ್ಲ. ಆ ಪಾಠಗಳನ್ನು ಮತ್ತೆ ಕೇಳಬೇಕೆಂದರೆ ಮುಂದಿನ ವರ್ಷ ಅವು ಅವಳ ಐದನೇ ಸೆಮಿಸ್ಟರಿನ ಪಾಠಗಳ ಹೊತ್ತಿಗೇ ಬೀಳುತ್ತಿದ್ದವು. ಒಂದು ವರ್ಷ ಹಿಂದೆ ಬೀಳುವುದು ಖಚಿತವಾಗಿತ್ತು. ಡಿಗ್ರಿ ಒಂದು ವರ್ಷ ತಡವಾದರೆ ಮನೆಯಲ್ಲಿ ಓದು ಬಿಡಿಸುತ್ತಾರೆ ಎಂದು ಅವಳು ಹೆದರಿದ್ದಳು.

ಅವಳಿಗೆ ದಾರಿ ತೋರಿಸಿದವಳು ನಾನೇ. ಬೆಂಗಳೂರಿನ ಅಂಚಿನಲ್ಲಿರುವ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಬೇಸಿಗೆ ರಜೆಯಲ್ಲಿ ಆರು ವಾರದ ಕೋರ್ಸುಗಳು ನಡೆಯುತ್ತವೆ, ಹೊರಗಿನವರೂ ಸೇರಬಹುದು, ಅಲ್ಲಿ ಪಾಸಾದರೆ ವಿಷಯಕ್ಕೆ ನಾಲ್ಕರಂತೆ ಸಿಗುವ ಕ್ರೆಡಿಟ್‌ಗಳನ್ನು ನಮ್ಮಲ್ಲಿಗೆ ವರ್ಗಾಯಿಸಿಕೊಳ್ಳಲು ನಿಯಮ ಇದೆ ಎಂದು ಹೇಳಿದೆ. ನಮ್ಮ ಕಾಲೇಜಿನಲ್ಲಿ ಅದುವರೆಗೆ ಯಾರೂ ಹಾಗೆ ಮಾಡಿರಲಿಲ್ಲ. ಅವಳು ಮನೆಯಲ್ಲಿ ಅತ್ತು ಕರೆದು ಒಪ್ಪಿಸಿ, ಎರಡು ಸಾವಿರದ ಇಪ್ಪತ್ತಮೂರರ ಮೇ ಮೊದಲ ವಾರ ಆ ವಿಶ್ವವಿದ್ಯಾಲಯದ ಹಾಸ್ಟೆಲಿಗೆ ಹೋದಳು. ಜೂನ್ ಎರಡನೇ ವಾರ ಎರಡೂ ವಿಷಯ ಪಾಸು ಮಾಡಿಕೊಂಡು ಬಂದಳು. ಅಂಕಪಟ್ಟಿ, ಪಠ್ಯಕ್ರಮ, ಹಾಜರಿ ಪಟ್ಟಿಯ ಜೆರಾಕ್ಸ್ ಎಲ್ಲವನ್ನೂ ಒಂದು ಫೈಲಿನಲ್ಲಿಟ್ಟು ಯೋಗಾನಂದರ ಕೈಗೆ ಕೊಟ್ಟಳು. ಹೊರಗಿನ ಕ್ರೆಡಿಟ್ ಪರಿಶೀಲಿಸುವ ಸಮಿತಿಯಲ್ಲಿ ನಾನೂ ಇದ್ದೆ. ಫೈಲು ಒಂದು ವಾರದಲ್ಲಿ ನಮ್ಮ ಮುಂದೆ ಬರುತ್ತದೆ ಎಂದುಕೊಂಡಿದ್ದೆ.

ಜುಲೈ ಮುಗಿದರೂ ಬರಲಿಲ್ಲ.

ರಾಧಾಮಣಿ ಐದಾರು ಸಲ ಆ ಮೇಜಿನ ಮುಂದೆ ನಿಂತು ಬಂದಳು. ಪ್ರತಿ ಸಲವೂ ಯೋಗಾನಂದರು ಏನೋ ಒಂದು ಪ್ರಶ್ನೆ ಕೇಳಿ ಕಳಿಸುತ್ತಿದ್ದರಂತೆ. ಹಾಸ್ಟೆಲಿನಲ್ಲಿ ರೂಮಿನ ನಂಬರ್ ಎಷ್ಟು, ಭಾನುವಾರ ಊರಿಗೆ ಬರುತ್ತಿದ್ದೆಯಾ, ಪಾಠ ಬೆಳಿಗ್ಗೆ ಎಷ್ಟು ಹೊತ್ತಿಗೆ ಶುರುವಾಗುತ್ತಿತ್ತು. ಇವಳು ಹೇಳಿದ್ದನ್ನು ಅವರು ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದರು, ಯಾಕೆ ಎಂದು ಹೇಳುತ್ತಿರಲಿಲ್ಲ. ಪ್ರತಿ ವಿದ್ಯಾರ್ಥಿಗೂ ಇರುವ ಆನ್‌ಲೈನ್ ಕ್ರೆಡಿಟ್ ಖಾತೆಯಲ್ಲಿ ನೋಡಬಹುದಲ್ಲ ಎಂದು ನಾನು ಕೇಳಿದರೆ, "ಅಲ್ಲಿ ಸೊನ್ನೆ ತೋರ್ಸ್ತಾ ಐತೆ ಮೇಡಂ" ಎಂದಷ್ಟೇ ಹೇಳಿ ಬೇರೆ ಫೈಲು ತೆಗೆದರು. ಆಗಸ್ಟ್ ಕೊನೆಗೆ ಐದನೇ ಸೆಮಿಸ್ಟರಿನ ನೋಂದಣಿ ಮುಗಿಯುತ್ತಿತ್ತು. ಅಷ್ಟರೊಳಗೆ ಕ್ರೆಡಿಟ್ ಸೇರದಿದ್ದರೆ ಬೇಸಿಗೆಯ ಓದು ದಂಡ.

ಸ್ಟಾಫ್ ರೂಮಿನಲ್ಲಿ ಮಾತು ಶುರುವಾಯಿತು. ಅವರಿಗೆ ಏನೋ ಬೇಕಿರಬೇಕು ಎಂದರು ಒಬ್ಬರು. ಇಲ್ಲ, ಅವರ ಬುದ್ಧಿಯೇ ಹಾಗೆ ಎಂದರು ಇನ್ನೊಬ್ಬರು. ನಾನು ಬಾಯಲ್ಲಿ ಏನೂ ಹೇಳದಿದ್ದರೂ ಮೊದಲನೆಯವರ ಮಾತೇ ಸರಿ ಎಂದು ಒಳಗೊಳಗೇ ಅಂದುಕೊಂಡೆ. ಅದೇ ವಾರ ರಾಧಾಮಣಿಯ ಚಿಕ್ಕಪ್ಪ ನಾಗರಾಜು ಬೈಕಿನಲ್ಲಿ ಬಂದು, ನಾನು ಕ್ಲಾಸು ಮುಗಿಸಿ ಬರುವುದನ್ನೇ ಕಾಯ್ದುಕೊಂಡು ನಿಂತಿದ್ದರು.

"ಮೇಡಂ, ಆವಯ್ಯ ಏನೋ ಎದ್ರು ನೋಡ್ತಾವ್ನೆ. ಏನ್ ಬೇಕಂತೆ, ಒಸಿ ಕೇಳ್ಬುಡಿ" ಎಂದರು. ಸ್ವಲ್ಪ ತಡೆದು, "ಯಾವೂರೋನು, ಯಾರ್ ಮಗ ಅಂತ ಎಲ್ಲಾ ವಿಚಾರ್ಸಿವ್ನಿ" ಎಂದು ಸೇರಿಸಿದರು.

ಆ ಕೊನೆಯ ಮಾತಿನ ಅರ್ಥ ನಾನು ಕೇಳಲಿಲ್ಲ. ಕೇಳದೆಯೂ ಗೊತ್ತಾಗುವಂಥ ಮಾತು ಅದು. ಯೋಗಾನಂದರ ತಂದೆ ದೊಡ್ಡಹನುಮಯ್ಯ ಕಲ್ಲು ಕ್ವಾರಿಯಲ್ಲಿ ಕೂಲಿ ಮಾಡಿ ಮಗನನ್ನು ಓದಿಸಿದವರು. ಅವರ ಕೇರಿಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ಇವರೇ ಮೊದಲಿಗರು. ನಾಗರಾಜು ಆ ದಿನವೇ ಪ್ರಿನ್ಸಿಪಾಲರಿಗೆ ಲಿಖಿತ ದೂರು ಕೊಟ್ಟು ಹೋದರು. ಗುಮಾಸ್ತ ಬೇಕೆಂದೇ ಫೈಲು ತಡೆಹಿಡಿದಿದ್ದಾರೆ ಎಂದು ಅದರಲ್ಲಿ ಬರೆದಿತ್ತು.

ಮರುದಿನ ನಾನೇ ಪರೀಕ್ಷಾ ವಿಭಾಗಕ್ಕೆ ಹೋಗಿ ನೇರವಾಗಿ ಕೇಳಿದೆ. ಯೋಗಾನಂದರು ಎದ್ದು ಬಾಗಿಲು ಮುಂದೆ ಮಾಡಿ ಬಂದು, ಬೀರುವಿನಿಂದ ಒಂದು ರಿಜಿಸ್ಟರ್ ತೆಗೆದರು. ವಿದ್ಯಾರ್ಥಿಗಳು ಸೇರುವಾಗ ಕೊಟ್ಟ ಮೂಲ ಅಂಕಪಟ್ಟಿಗಳನ್ನು ಹಿಂದಕ್ಕೆ ಕೊಡುವಾಗ ಸಹಿ ಹಾಕಿಸಿಕೊಳ್ಳುವ ಪುಸ್ತಕ ಅದು. ಅದರ ಒಂದು ಪುಟ ತೆರೆದಿಟ್ಟು, ಪಕ್ಕದಲ್ಲಿ ಆ ವಿಶ್ವವಿದ್ಯಾಲಯದ ಹಾಜರಿ ಪಟ್ಟಿಯ ಜೆರಾಕ್ಸ್ ಇಟ್ಟರು.

ರಿಜಿಸ್ಟರಿನಲ್ಲಿ ಮೇ ಇಪ್ಪತ್ತೆರಡು, ಸೋಮವಾರ, ಹನ್ನೊಂದು ಇಪ್ಪತ್ತು ಎಂದು ಯೋಗಾನಂದರೇ ಹೊತ್ತು ಬರೆದಿದ್ದರು. ರಾಧಾಮಣಿಯ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಮೂಲ ಅಂಕಪಟ್ಟಿಗಳನ್ನು ಕೊಡಲಾಗಿದೆ. ಎದುರಿಗೆ ಕನ್ನಡದಲ್ಲಿ ಸಹಿ: ರಾಧಾಮಣಿ. ಹಾಜರಿ ಪಟ್ಟಿಯಲ್ಲೂ ಮೇ ಇಪ್ಪತ್ತೆರಡು. ಹತ್ತರಿಂದ ಒಂದರವರೆಗೆ ಪಾಠ. ಎದುರಿಗೆ ಅದೇ ಸಹಿ, ಅದೇ ಕನ್ನಡದಲ್ಲಿ.

"ಒಬ್ಬಳೇ ಹುಡುಗಿ ಒಂದೇ ಹೊತ್ನಲ್ಲಿ ಎರಡು ಕಡೆ ಹೆಂಗಿರ್ತಾಳೆ ಮೇಡಂ?" ಎಂದರು ಯೋಗಾನಂದರು. ಇಲ್ಲಿ ಸುಳ್ಳಿಲ್ಲ, ಅವಳ ಗುರುತಿನ ಚೀಟಿ ನೋಡಿ, ಮುಖ ನೋಡಿ, ತಾನೇ ಕೈಯಾರೆ ಕೊಟ್ಟಿದ್ದೇನೆ ಎಂದರು. ಹಾಗಾದರೆ ಸುಳ್ಳು ಅಲ್ಲಿದೆ. ಬಾರದವರಿಗೂ ಹಾಜರಿ ಹಾಕಿಕೊಡುವ ಜಾಗ ಅದು, ಅಲ್ಲಿಯ ಅಂಕಪಟ್ಟಿಗೆ ಏನು ಬೆಲೆ ಎನ್ನುವುದು ಅವರ ವಾದ. ಎರಡು ಸಲ ಇಮೇಲ್, ಒಂದು ಸಲ ರಿಜಿಸ್ಟರ್ಡ್ ಅಂಚೆ ಕಳಿಸಿದ್ದರು. ಉತ್ತರ ಬಂದಿರಲಿಲ್ಲ. ಉತ್ತರ ಬಾರದ್ದು ಅವರ ಅನುಮಾನವನ್ನು ಇನ್ನೂ ಗಟ್ಟಿ ಮಾಡಿತ್ತು.

ನಾನು ಎರಡು ಸಹಿಗಳನ್ನೂ ಬಹಳ ಹೊತ್ತು ನೋಡಿದೆ. ವ್ಯತ್ಯಾಸ ಕಾಣಲಿಲ್ಲ. ಒಳಗೆ ಬರುವಾಗ ಯೋಗಾನಂದರ ಮೇಲಿದ್ದ ಅನುಮಾನ ಹೊರಗೆ ಬರುವಾಗ ರಾಧಾಮಣಿಯ ಮೇಲೆ ಬಂದಿತ್ತು. ಕ್ಲಾಸಿನಲ್ಲಿ ಮೊದಲ ಬೆಂಚಿನಲ್ಲಿ ಕೂತು ನನ್ನನ್ನೇ ನೋಡುವ ಹುಡುಗಿ. ಆರು ವಾರ ಅವಳು ಎಲ್ಲಿದ್ದಳು? ನಾನೇ ತೋರಿಸಿದ ದಾರಿಯಲ್ಲಿ ಅವಳು ಬೇರೆಲ್ಲೋ ಹೋಗಿದ್ದರೆ? ಅವಳನ್ನು ಕರೆದು ಕೇಳೋಣ ಎಂದಿದ್ದಕ್ಕೆ ಯೋಗಾನಂದರು ಒಪ್ಪಿರಲಿಲ್ಲ. ಈಗಲೇ ಕೇಳಿದರೆ ಉತ್ತರ ತಯಾರು ಮಾಡಿಕೊಂಡು ಬರುತ್ತಾಳೆ ಎಂದಿದ್ದರು. ಆ ವಾರವೆಲ್ಲ ನಾನು ಕ್ಲಾಸಿನಲ್ಲಿ ಅವಳ ಕಣ್ಣು ತಪ್ಪಿಸಿಕೊಂಡು ಪಾಠ ಮಾಡಿದೆ. ಅವಳಿಗೆ ಅದು ಗೊತ್ತಾಗಿತ್ತು ಎಂದು ಆಮೇಲೆ ಹೇಳಿದಳು.

ಕೊನೆಗೆ ನಾವಿಬ್ಬರೂ ರಜೆ ಹಾಕಿ, ಪ್ರಿನ್ಸಿಪಾಲರಿಂದ ಒಂದು ಪತ್ರ ತೆಗೆದುಕೊಂಡು, ಬೆಳಗಿನ ಬೆಂಗಳೂರು ಬಸ್ಸು ಹತ್ತಿದೆವು. ಹಾರೋಹಳ್ಳಿ ದಾಟಿದ ಮೇಲೆ ಅವರು, ನಾನು ಕೇಳದಿದ್ದರೂ, ತಮ್ಮ ವಿಷಯ ಹೇಳಿದರು.

ಅವರಿಗೆ ಈ ಕೆಲಸ ಸಿಕ್ಕಿದಾಗ ಅವರ ಡಿಗ್ರಿ ಅಂಕಪಟ್ಟಿ ನೋಡಿ ಆಗಿನ ಸೂಪರಿಂಟೆಂಡೆಂಟ್ ನಕ್ಕರಂತೆ. ಇಷ್ಟೊಂದು ಅಂಕ ನಿನಗೆ ಬಂತೇ ಎಂದು ಕೇಳಿ, ಪರಿಶೀಲನೆಗೆ ಕಳಿಸುತ್ತೇನೆ ಎಂದು ನೇಮಕದ ಆದೇಶವನ್ನು ತಡೆದು, ಆ ಕಾಗದವನ್ನು ಡ್ರಾಯರಿನಲ್ಲಿಟ್ಟುಕೊಂಡು ಎಲ್ಲಿಗೂ ಕಳಿಸದೆ ಹನ್ನೊಂದು ತಿಂಗಳು ಕೂತರು. ದೊಡ್ಡಹನುಮಯ್ಯ ಪ್ರತಿ ಸೋಮವಾರ ಕ್ವಾರಿ ಕೆಲಸ ಬಿಟ್ಟು ಆ ಆಫೀಸಿನ ಹೊರಗೆ ಬಂದು ನಿಲ್ಲುತ್ತಿದ್ದರು. ಆ ಸೂಪರಿಂಟೆಂಡೆಂಟ್ ವರ್ಗವಾಗಿ ಹೊಸಬರು ಬಂದ ಮೇಲೆ, ಅವರು ಒಂದು ದಿನ ವಿಶ್ವವಿದ್ಯಾಲಯಕ್ಕೆ ಸ್ವತಃ ಹೋಗಿ ಪುಸ್ತಕ ತೆಗೆಸಿ ನೋಡಿ ಬಂದರು. ಮರುದಿನವೇ ಆದೇಶ ಬಂತು.

"ನನ್ನ ಯಾರೂ ನಂಬ್ಲಿಲ್ಲ ಮೇಡಂ. ಆದ್ರೆ ಒಬ್ರು ಹೋಗಿ ನೋಡಿದ್ರು. ಅಷ್ಟೇ ಸಾಕಾಯ್ತು" ಎಂದರು.

ಆ ಸೂಪರಿಂಟೆಂಡೆಂಟ್ ಮಾಡಿದ್ದನ್ನೇ ನೀವೂ ಆ ಹುಡುಗಿಗೆ ಎರಡು ತಿಂಗಳಿಂದ ಮಾಡುತ್ತಿಲ್ಲವೇ ಎಂದು ನಾನು ಕೇಳಿದೆ. ಅವರು ಕಿಟಕಿಯ ಕಡೆ ತಿರುಗಿದರು. ಅದಕ್ಕೇ ಈಗ ಹೊರಟೆ ಎಂದರು.

ವಿಶ್ವವಿದ್ಯಾಲಯದಲ್ಲಿ ಬೇಸಿಗೆ ಕೋರ್ಸುಗಳ ಕಚೇರಿ ನೋಡಿಕೊಳ್ಳುತ್ತಿದ್ದವರು ತಸ್ಲೀಮಾ ಎಂಬ ಮಹಿಳೆ. ಅವರು ನಮ್ಮನ್ನೂ ಅಷ್ಟೇ ಅನುಮಾನದಿಂದ ನೋಡಿದರು. ಪತ್ರ ಓದಿ, ಗುರುತಿನ ಚೀಟಿಗಳನ್ನು ಇಸಿದುಕೊಂಡು, ನಮ್ಮ ಕಾಲೇಜಿಗೆ ಫೋನು ಮಾಡಿ, ಹೀಗೆ ಇಬ್ಬರು ಬಂದಿದ್ದಾರೆ, ನಿಮ್ಮವರೇ ಹೌದೇ ಎಂದು ಕೇಳಿದರು. ಒಂದೂವರೆ ಗಂಟೆ ಬೆಂಚಿನ ಮೇಲೆ ಕೂರಿಸಿದರು. ನನಗೆ ಸಿಟ್ಟು ಬರುತ್ತಿತ್ತು. ಯೋಗಾನಂದರ ಮುಖದಲ್ಲಿ ಮಾತ್ರ ಅಂದು ಮೊದಲ ಸಲ ಒಂದು ಸಮಾಧಾನ ಕಂಡಿತು. ಇದು ಪರವಾಗಿಲ್ಲ, ಸರಿಯಾದ ಆಫೀಸು ಎಂದು ಮೆಲ್ಲಗೆ ಹೇಳಿದರು.

ಇಮೇಲ್‌ಗೆ ಉತ್ತರ ಯಾಕೆ ಬರಲಿಲ್ಲ ಎಂದು ಕೇಳಿದರೆ ಅದು ತಮ್ಮ ವಿಭಾಗಕ್ಕೆ ಬಂದೇ ಇಲ್ಲ ಎಂದರು ತಸ್ಲೀಮಾ. ಆನ್‌ಲೈನ್ ಖಾತೆಯಲ್ಲಿ ಸೊನ್ನೆ ಯಾಕೆ ಎಂದರೆ, ಬೇಸಿಗೆಯ ಅಂಕಗಳನ್ನು ಡಿಸೆಂಬರಿನಲ್ಲಿ ಒಟ್ಟಿಗೆ ಏರಿಸುತ್ತೇವೆ ಎಂದರು. ಮೇ ಇಪ್ಪತ್ತೆರಡರ ಹಾಜರಿ ಬಗ್ಗೆ ಕೇಳಿದಾಗ ಕಂಪ್ಯೂಟರಿನಲ್ಲಿ ನೋಡಿ ಹೇಳಿದರು: ಆ ದಿನ ಬರೀ ಪಾಠ ಇರಲಿಲ್ಲ, ಹತ್ತೂವರೆಯಿಂದ ಹನ್ನೆರಡರವರೆಗೆ ಸಂಖ್ಯಾಶಾಸ್ತ್ರದ ಕಿರುಪರೀಕ್ಷೆ ಇತ್ತು, ಉತ್ತರ ಪತ್ರಿಕೆಗಳು ಸ್ಟೋರಿನಲ್ಲಿವೆ.

ಕಟ್ಟು ಬಿಚ್ಚಿ ರಾಧಾಮಣಿಯ ಉತ್ತರ ಪತ್ರಿಕೆಯನ್ನು ನನ್ನ ಮುಂದಿಟ್ಟರು. ಮೇಲೆ ತಾರೀಕು, ಮೇಲ್ವಿಚಾರಕರ ಸಹಿ. ನನಗೆ ಅವೆರಡೂ ಬೇಕಾಗಿರಲಿಲ್ಲ. ಮೂರನೇ ಲೆಕ್ಕ ನೋಡಿದ ಕೂಡಲೇ ಗೊತ್ತಾಯಿತು. ರಾಧಾಮಣಿ ಮಾನಕ ವಿಚಲನೆಯ ಲೆಕ್ಕ ಮಾಡುವಾಗ ಎಲ್ಲವನ್ನೂ ಸರಿಯಾಗಿ ಮಾಡಿ ಕೊನೆಯಲ್ಲಿ ವರ್ಗಮೂಲ ತೆಗೆಯುವುದನ್ನು ಮರೆಯುತ್ತಾಳೆ. ಮೊದಲ ವರ್ಷದಿಂದ ತಿದ್ದುತ್ತಾ ಬಂದಿದ್ದೇನೆ. ಇಲ್ಲೂ ಮರೆತಿದ್ದಳು. ಯಾರೋ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ಒಂದರಂತೆ ಕಾಣುವ ಅವಳ ಏಳುಗಳು, ಎರಡು ಗೆರೆ ಎಳೆದು ಉತ್ತರ ಬರೆಯುವ ರೀತಿ, ಎಲ್ಲಾ ಅವಳದೇ.

"ಇವಳು ಇಲ್ಲೇ ಇದ್ದಳು" ಎಂದೆ ನಾನು.

ಯೋಗಾನಂದರು ಉತ್ತರ ಪತ್ರಿಕೆಯನ್ನು ತೆಗೆದುಕೊಂಡು ಪುಟ ಪುಟವನ್ನೂ ನೋಡಿದರು. ದೃಢೀಕರಣ ಪತ್ರ ಬರೆಸಿಕೊಂಡು, ಮೊಹರು ಹಾಕಿಸಿಕೊಂಡು ಹೊರಗೆ ಬಂದೆವು. ಗೇಟಿನ ಹತ್ತಿರ ಅವರು ನಿಂತುಬಿಟ್ಟರು.

"ಹಂಗಾರೆ ಅವತ್ತು ನನ್ನ ಮುಂದೆ ನಿಂತಿದ್ದೋಳು ಯಾರು ಮೇಡಂ?"

ವಾಪಸು ಬರುವ ದಾರಿಯುದ್ದಕ್ಕೂ ಅವರು ಅದನ್ನೇ ನೆನೆಸಿಕೊಳ್ಳಲು ಪ್ರಯತ್ನಿಸುತ್ತಿದ್ದರು. ಕಾಲೇಜಿಗೆ ರಜೆ, ಆಫೀಸು ಮಾತ್ರ ತೆರೆದಿತ್ತು. ಹಳದಿ ಚೂಡಿದಾರ. ತಲೆ ತಗ್ಗಿಸಿಕೊಂಡೇ ಇದ್ದಳು. ಜೊತೆಗೆ ಒಬ್ಬರು ಹಿರಿಯರು ಬಂದಿದ್ದರು, ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ. ಗುರುತಿನ ಚೀಟಿಯ ಫೋಟೋಗೂ ಮುಖಕ್ಕೂ ಹೊಂದಿಕೆ ಇತ್ತು. ಇಷ್ಟು ಹೇಳಿ, ಊರಿನವರ ಕಾಗದವನ್ನೆಲ್ಲ ಅನುಮಾನಿಸಿದೆ, ನನ್ನ ಕಣ್ಣನ್ನೇ ಅನುಮಾನಿಸಲಿಲ್ಲ ಎಂದರು.

ಮರುದಿನ ರಾಧಾಮಣಿಯನ್ನು ಕರೆಸಿದರು. ನಾನೂ ಇದ್ದೆ. ನಿನ್ನ ಮೂಲ ಅಂಕಪಟ್ಟಿಗಳು ಎಲ್ಲಿವೆ ಎಂದು ಕೇಳಿದರು. ನಿಮ್ಮ ಹತ್ತಿರವೇ ಇವೆಯಲ್ಲ ಸಾರ್ ಎಂದಳು ಅವಳು, ಇದೂ ಇನ್ನೊಂದು ಪರೀಕ್ಷೆ ಎಂದುಕೊಂಡು. ಅವರು ರಿಜಿಸ್ಟರನ್ನು ಅವಳ ಕಡೆ ತಿರುಗಿಸಿದರು.

ಅವಳು ಸಹಿಯನ್ನು ನೋಡಿದಳು. ಬಗ್ಗಿ ಇನ್ನೂ ಹತ್ತಿರದಿಂದ ನೋಡಿದಳು. ಅವಳ ಮುಖದ ಬಣ್ಣ ಇಳಿದದ್ದನ್ನು ನಾನು ಕಂಡೆ. ಇದು ನಿನ್ನ ಸಹಿಯೇನು ಎಂದು ಯೋಗಾನಂದರು ಕೇಳಿದರು.

"ನಾಳೆ ಹೇಳ್ತೀನಿ ಸಾರ್" ಎಂದು ಹೊರಟುಹೋದಳು.

ಮಾರನೆಯ ದಿನ ಹನ್ನೊಂದರ ಹೊತ್ತಿಗೆ ರಾಧಾಮಣಿ ಬಂದಳು. ಹಿಂದೆ ಮರಿಯಪ್ಪನವರು, ಅವರ ಹಿಂದೆ ರಮ್ಯಾ. ಅಕ್ಕ ತಂಗಿಯರನ್ನು ಅಕ್ಕಪಕ್ಕ ನೋಡಿದರೆ ಬೇರೆ ಬೇರೆ ಎಂದು ಹೇಳಬಹುದಿತ್ತು. ಒಬ್ಬೊಬ್ಬರನ್ನೇ ನೋಡಿದರೆ ಕಷ್ಟ. ರಮ್ಯಾ ಅಳುತ್ತಿದ್ದಳು. ಮರಿಯಪ್ಪನವರ ಕಂಕುಳಲ್ಲಿ ಪ್ಲಾಸ್ಟಿಕ್ ಕವರು, ಅದರಲ್ಲಿ ಎರಡು ಅಂಕಪಟ್ಟಿಗಳು.

ಪ್ರಿನ್ಸಿಪಾಲರ ಕೋಣೆಯಲ್ಲಿ ಮರಿಯಪ್ಪನವರು ಹೇಳಿದ್ದು ಇಷ್ಟು. ಮಗಳು ಹೋದ ಎರಡು ವಾರಕ್ಕೆ ಊರಿನಲ್ಲಿ ಜನ ಕೇಳತೊಡಗಿದರು. ಬೇಸಿಗೆ ರಜದಲ್ಲಿ ಯಾವ ಕಾಲೇಜು ನಡೆಯುತ್ತದೆ, ಯಾವ ಊರಿನಲ್ಲಿ ಹೀಗಿದೆ ಎಂದರು. ಇವರು ಫೋನು ಮಾಡಿದಾಗಲೆಲ್ಲ ಅವಳು ಎತ್ತುತ್ತಿರಲಿಲ್ಲ, ಕ್ಲಾಸಿನಲ್ಲಿದ್ದೆ ಎಂದು ಸಂಜೆ ಹೇಳುತ್ತಿದ್ದಳು. ಅವಳು ಯಾರನ್ನೋ ಕಟ್ಟಿಕೊಂಡು ಹೋಗಲು ತಯಾರಾಗುತ್ತಿದ್ದಾಳೆ ಎಂಬ ಯೋಚನೆ ಒಂದು ಸಲ ತಲೆಗೆ ಹೊಕ್ಕ ಮೇಲೆ ಹೊರಗೆ ಹೋಗಲಿಲ್ಲ. ಅಂಕಪಟ್ಟಿಗಳು ತಮ್ಮ ಕೈಯಲ್ಲಿದ್ದರೆ ಅವಳು ಎಲ್ಲೂ ಕೆಲಸಕ್ಕೆ ಸೇರಲಾರಳು, ಎಲ್ಲಿಗೆ ಹೋದರೂ ತಿರುಗಿ ಬರಲೇಬೇಕು ಎಂದು ಲೆಕ್ಕ ಹಾಕಿದರು. ಆದರೆ ವಿದ್ಯಾರ್ಥಿ ಸ್ವತಃ ಗುರುತಿನ ಚೀಟಿಯೊಂದಿಗೆ ಬಂದರೆ ಮಾತ್ರ ಮೂಲ ಪ್ರತಿ ಕೊಡಲಾಗುವುದು ಎಂದು ಆಫೀಸಿನ ಗೋಡೆಯ ಮೇಲೆ ಬರೆದಿತ್ತು. ಅದನ್ನು ಬರೆಸಿದವರು ಯೋಗಾನಂದರೇ. ರಾಧಾಮಣಿಯ ಚೀಟಿ ಮನೆಯಲ್ಲಿತ್ತು. ರಮ್ಯಾಳನ್ನು ಹೊರಡಿಸಿಕೊಂಡು ಬಂದರು. ಅಕ್ಕನ ಸಹಿ ಹಾಕುವುದು ಅವಳಿಗೆ ಚಿಕ್ಕಂದಿನಿಂದ ಬರುತ್ತಿತ್ತು.

ಜೂನಿನಲ್ಲಿ ಮಗಳು ಅಂಕಪಟ್ಟಿ ಹಿಡಿದು ವಾಪಸು ಬಂದಾಗ ಅವರಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಕವರನ್ನು ಪೆಟ್ಟಿಗೆಯ ತಳಕ್ಕೆ ಹಾಕಿದರು. ರಮ್ಯಾಳಿಗೆ ಬಾಯಿ ಬಿಡಬೇಡ ಎಂದರು. ನಾಗರಾಜು ದೂರು ಕೊಡಲು ಹೊರಟಾಗಲೂ ಸುಮ್ಮನಿದ್ದರು.

ಪ್ರಿನ್ಸಿಪಾಲರು ಒಳ್ಳೆಯವರು, ತೊಂದರೆ ಇಲ್ಲದೆ ದಿನ ಕಳೆಯಬೇಕೆನ್ನುವವರು. ಅಂಕಪಟ್ಟಿ ಸಿಕ್ಕಿತಲ್ಲ, ರಿಜಿಸ್ಟರಿನ ಆ ಸಾಲು ಹೊಡೆದು ಹಾಕಿ, ತಪ್ಪಾಗಿ ನಮೂದಾಗಿದೆ ಎಂದು ಬರೆದುಬಿಡಿ, ಇಲ್ಲಿಗೆ ಮುಗಿಸೋಣ ಎಂದರು. ಮರಿಯಪ್ಪನವರು ಕೈಮುಗಿದರು. ನನಗೂ ಅದೇ ಸರಿ ಅನಿಸಿತು.

ಯೋಗಾನಂದರು ಒಪ್ಪಲಿಲ್ಲ. ಸಾಲು ಹೊಡೆದು ಹಾಕಿದರೆ ಮುಂದೆ ಯಾರಾದರೂ ಆ ಪುಟ ನೋಡಿದಾಗ ಯಾಕೆ ಹೊಡೆದು ಹಾಕಿದ್ದಾರೆ ಎಂದು ಕೇಳುತ್ತಾರೆ. ಮೇ ಇಪ್ಪತ್ತೆರಡರಂದು ರಾಧಾಮಣಿ ಇಲ್ಲಿಗೆ ಬಂದಿದ್ದಳೋ ಇಲ್ಲವೋ ಎಂಬುದು ಅನುಮಾನವಾಗಿಯೇ ಉಳಿಯುತ್ತದೆ. ಆಗ ಈ ಎಂಟು ಕ್ರೆಡಿಟ್ ಮೇಲೂ, ಅವಳ ಡಿಗ್ರಿಯ ಮೇಲೂ ಯಾರು ಬೇಕಾದರೂ ಬೆರಳು ತೋರಿಸಬಹುದು. ಅವಳು ಬಂದಿರಲಿಲ್ಲ ಎಂದು ಸ್ಪಷ್ಟವಾಗಿ ಬರೆಯಬೇಕು. ಹಾಗೆ ಬರೆದರೆ, ಬೇರೆಯವರಿಗೆ ಮೂಲ ದಾಖಲೆ ಕೊಟ್ಟವರು ಯಾರು ಎಂದೂ ಬರೆಯಬೇಕಾಗುತ್ತದೆ.

"ಕೊಟ್ಟೋನು ನಾನು. ಬರೀತೀನಿ ಸಾರ್" ಎಂದರು.

ಅಲ್ಲೇ ಕೂತು ಬರೆದರು. ನಾನು ಆಮೇಲೆ ಆ ಟಿಪ್ಪಣಿ ಓದಿದೆ. ದಿನಾಂಕ, ಹೊತ್ತು, ತಮ್ಮ ಹೆಸರು, ಗುರುತು ಪರಿಶೀಲಿಸುವಲ್ಲಿ ತಮ್ಮಿಂದಾದ ಲೋಪ, ವಿಶ್ವವಿದ್ಯಾಲಯದ ದೃಢೀಕರಣ ಪತ್ರದ ಸಂಖ್ಯೆ, ಉತ್ತರ ಪತ್ರಿಕೆಯ ಸಂಖ್ಯೆ ಎಲ್ಲಾ ಇತ್ತು. ಅಂಕಪಟ್ಟಿ ಪಡೆದವರು ವಿದ್ಯಾರ್ಥಿನಿಯ ತಂದೆ ಮತ್ತು ಕುಟುಂಬದ ಒಬ್ಬ ಸದಸ್ಯರು ಎಂದಿತ್ತು. ರಮ್ಯಾಳ ಹೆಸರು ಎಲ್ಲೂ ಇರಲಿಲ್ಲ. ಅಷ್ಟು ಕಟ್ಟುನಿಟ್ಟಿನ ಮನುಷ್ಯ ಅದೊಂದನ್ನು ಮರೆತರು ಎಂದು ನಾನು ನಂಬುವುದಿಲ್ಲ.

ಎಲ್ಲ ಮುಗಿಯಿತು ಎನ್ನುವಾಗ ಮರಿಯಪ್ಪನವರು ಏಳಲಿಲ್ಲ. ಆ ಹಾಜರಿ ಪಟ್ಟಿ ಅಂದರಲ್ಲ, ಅದನ್ನು ಒಸಿ ತೋರಿಸುತ್ತೀರಾ ಎಂದು ಕೇಳಿದರು. ಯೋಗಾನಂದರು ಹಾಳೆಗಳನ್ನು ಅವರ ಮುಂದೆ ಹರಡಿ, ಒಂದೊಂದೇ ದಿನ ಓದಿ ಹೇಳುತ್ತಾ ಹೋದರು. ಮರಿಯಪ್ಪನವರಿಗೆ ಇಂಗ್ಲಿಷ್ ಓದಲು ಬಾರದು. ಮಗಳ ಕನ್ನಡದ ಸಹಿ ಬಂದ ಕಡೆಯೆಲ್ಲ ಬೆರಳಿಟ್ಟರು. ಮೂವತ್ತೆರಡು ದಿನ. ಯೋಗಾನಂದರು ಒಂದು ದಿನವನ್ನೂ ಹಾರಿಸಲಿಲ್ಲ, ಅವರೂ ಒಂದನ್ನೂ ಬಿಡಲಿಲ್ಲ. ರಾಧಾಮಣಿ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು.

"ಅಪ್ಪ, ಈಗ್ಲಾದ್ರೂ ನನ್ನ ನಂಬಿದ್ಯಾ?" ಎಂದಳು.

ಮರಿಯಪ್ಪನವರು ಹಾಳೆಗಳನ್ನು ಒಟ್ಟುಮಾಡಿ ಯೋಗಾನಂದರ ಕಡೆ ಸರಿಸಿದರು.

"ಈ ಕಾಗ್ದಾನ ನಂಬ್ದೆ ಕಣವ್ವ" ಎಂದರು.

ಅವಳು ತಂದೆಯ ಮುಂದಿದ್ದ ಕವರನ್ನು ಎತ್ತಿಕೊಂಡಳು. ಯೋಗಾನಂದರು ಅದನ್ನು ಮತ್ತೆ ಆಫೀಸಿನಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ಅವರು, ಇನ್ನು ಮೇಲೆ ನಿನ್ನ ಹತ್ತಿರವೇ ಇರಲಿ, ಜೆರಾಕ್ಸ್ ಕೊಟ್ಟರೆ ಸಾಕು ಎಂದರು. ಅವಳು ಅದನ್ನು ತನ್ನ ಬ್ಯಾಗಿನಲ್ಲಿ ಹಾಕಿಕೊಂಡು, ತಂಗಿಯ ಕಡೆ ತಿರುಗಿಯೂ ನೋಡದೆ ಕ್ಲಾಸಿಗೆ ಹೋದಳು.

ಸಮಿತಿ ಆಗಸ್ಟ್ ಇಪ್ಪತ್ತೆಂಟಕ್ಕೆ ಸೇರಿತು. ಸಂಖ್ಯಾಶಾಸ್ತ್ರದ ನಾಲ್ಕು ಕ್ರೆಡಿಟ್ ಪೂರ್ತಿ ಒಪ್ಪಿದೆವು. ವೆಚ್ಚ ಲೆಕ್ಕಶಾಸ್ತ್ರದಲ್ಲಿ ಅವರ ಪಠ್ಯಕ್ಕೂ ನಮ್ಮದಕ್ಕೂ ಒಂದು ಘಟಕದಷ್ಟು ವ್ಯತ್ಯಾಸ ಇತ್ತು. ಅದನ್ನು ಎತ್ತಿ ತೋರಿಸಿದವರು ಯೋಗಾನಂದರೇ. ಅಷ್ಟಾದ ಮೇಲೂ ಬಿಡಲಿಲ್ಲವಲ್ಲ ಎಂದು ನನಗೆ ಬೇಸರವಾಯಿತು, ಆದರೆ ಅವರು ಹೇಳಿದ್ದು ಸರಿಯಿತ್ತು. ಮೂರು ಕ್ರೆಡಿಟ್ ಕೊಟ್ಟು, ಒಂದಕ್ಕೆ ಅವಳು ಒಂದು ಸಣ್ಣ ಪ್ರಾಜೆಕ್ಟ್ ಬರೆಯಬೇಕು ಎಂದು ತೀರ್ಮಾನಿಸಿದೆವು. ಹುಳು ಸಾಕುವ ಮನೆಯಲ್ಲಿ ಒಂದು ಬೆಳೆಗೆ ತಗಲುವ ವೆಚ್ಚದ ಬಗ್ಗೆ ಅವಳು ಮುಂದಿನ ತಿಂಗಳು ಬರೆದುಕೊಟ್ಟಳು, ಚೆನ್ನಾಗಿತ್ತು. ಸಮಿತಿ ಸೇರಿದ ಮರುದಿನವೇ, ನೋಂದಣಿಗೆ ಎರಡು ದಿನ ಉಳಿದಿರುವಾಗ, ಅವಳ ಹೆಸರು ಪಟ್ಟಿಗೆ ಸೇರಿತು.

ಯೋಗಾನಂದರಿಗೆ ಆಡಳಿತ ಮಂಡಳಿಯಿಂದ ನೋಟಿಸ್ ಬಂತು. ಅವರ ಟಿಪ್ಪಣಿಯನ್ನೇ ಆಧಾರ ಮಾಡಿಕೊಂಡು ಎಚ್ಚರಿಕೆ ಪತ್ರ ಕೊಟ್ಟು ಅದನ್ನು ಸೇವಾ ಪುಸ್ತಕಕ್ಕೆ ಸೇರಿಸಿದರು. ಅದುವರೆಗೆ ಆ ಪುಸ್ತಕದಲ್ಲಿ ಒಂದು ಕಪ್ಪು ಚುಕ್ಕೆ ಇರಲಿಲ್ಲ. ನಾಗರಾಜು ದೂರನ್ನು ವಾಪಸು ತೆಗೆದುಕೊಂಡರು, ಆದರೆ ಯೋಗಾನಂದರ ಹತ್ತಿರ ಬಂದು ಒಂದು ಮಾತು ಆಡಲಿಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬರು, ಇಷ್ಟೆಲ್ಲ ತಾನಾಗಿ ಬರೆದುಕೊಟ್ಟಿದ್ದಾರೆ ಎಂದರೆ ಹಿಂದೆ ಬೇರೆ ಏನೋ ಇರಬೇಕು ಎಂದರು. ಆ ದಿನ ನಾನು ಎದ್ದು ಹೊರಗೆ ಬಂದೆ.

ರಾಧಾಮಣಿ ಡಿಗ್ರಿ ಮುಗಿಸಿ ಈಗ ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಎಂ.ಕಾಂ. ಓದುತ್ತಿದ್ದಾಳೆ. ಯೋಗಾನಂದರು ನಿವೃತ್ತರಾಗಿದ್ದಾರೆ. ಕಳೆದ ತಿಂಗಳು ಪಿಂಚಣಿಯ ಯಾವುದೋ ಕಾಗದಕ್ಕೆ ಕಾಲೇಜಿಗೆ ಬಂದಿದ್ದರು. ಹೊಸ ಗುಮಾಸ್ತರು ಅವರ ಆಧಾರ್ ಕಾರ್ಡಿನ ಹೆಸರಿಗೂ ಸೇವಾ ಪುಸ್ತಕದ ಹೆಸರಿಗೂ ಒಂದು ಅಕ್ಷರ ವ್ಯತ್ಯಾಸ ಇದೆ ಎಂದು ಇನ್ನೊಂದು ಸಲ ಬರಲು ಹೇಳಿದ್ದರಂತೆ. ಅದನ್ನು ಅವರು ಬೇಸರವಿಲ್ಲದೆ ಹೇಳಿದರು.

ಕಾರಿಡಾರಿನಲ್ಲಿ ನಿಂತು ಮಾತಾಡುವಾಗ ಆ ಟಿಪ್ಪಣಿ ಬರೆದದ್ದಕ್ಕೆ ಎಂದಾದರೂ ಬೇಜಾರಾಯಿತೇ ಎಂದು ಕೇಳಿದೆ. ಅವರು ಅದನ್ನು ಬಿಟ್ಟು, ರಾಧಾಮಣಿ ನಿಮಗೆ ಫೋನು ಮಾಡುತ್ತಾಳೆಯೇ ಎಂದು ಕೇಳಿದರು. ಮಾಡುತ್ತಾಳೆ ಎಂದೆ.

"ತಂಗಿ ಜೊತೆ ಮಾತಾಡ್ತಾಳಂತಾ?"

ನನಗೆ ಅದು ಗೊತ್ತಿರಲಿಲ್ಲ. ಕೇಳಬೇಕೆಂದು ತೋಚಿಯೂ ಇರಲಿಲ್ಲ. ಅಂದು ಸಂಜೆಯೇ ಫೋನು ಮಾಡಿ ಕೇಳಿದೆ. ರಾಧಾಮಣಿ ಹೇಳಿದಳು. ಒಂದು ವರ್ಷ ಮಾತಾಡಿರಲಿಲ್ಲವಂತೆ. ಈಚೆಗೆ ರಮ್ಯಾ ತಾನೇ ವಾರಕ್ಕೊಂದು ಸಲ ಮಾಡುತ್ತಾಳೆ, ಇವಳು ಎತ್ತುತ್ತಾಳೆ. ಅಮ್ಮನ ಮಂಡಿನೋವು, ಹುಳುವಿನ ಬೆಳೆ, ಇಂಥ ಮಾತು. ಮೇ ತಿಂಗಳ ವಿಷಯ ಇಬ್ಬರೂ ಎತ್ತಿಲ್ಲ.

ಯೋಗಾನಂದರಿಗೆ ಇದನ್ನು ಹೇಳಬೇಕೆಂದು ಮರುದಿನ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡರು. ಫೋನು ಎತ್ತುತ್ತಾಳೆ ಎಂದು ಯಾರು ಹೇಳಿದ್ದು, ಅಕ್ಕನೋ ತಂಗಿಯೋ ಎಂದು ಕೇಳಿದರು. ಅಕ್ಕನೇ ಎಂದೆ. ಸರಿ ಹಾಗಾದರೆ ಎಂದು ಫೋನಿಟ್ಟರು.